ವಿತೊಮಿರನ ರಾಕಿಯಾಕ್ಕೆ ಬಂದ ಅಪವಾದ

ಹೊಟ್ಟೆ ಕೊಯ್ದದ್ದಕ್ಕೆ ಡಾಕ್ಟರ್ ಗ್ವೊಜ್ದೆನ್ ಮೇಲೆ ವಿತೊಮಿರನಿಗೆ ಸಿಟ್ಟಿಲ್ಲ. ಕೊಯ್ಯುವಾಗ ನಡುವೆ ತನಗೆ ಎಚ್ಚರವಾಗಿತ್ತಲ್ಲ, ಅದಕ್ಕೂ ಇಲ್ಲ. ಕೊಯ್ಯುತ್ತಾ ಆ ಮಹಾನುಭಾವ ಆಡಿದ ಒಂದು ಮಾತಿಗೆ ಮಾತ್ರ ಇವತ್ತಿಗೂ ಅವನ ರಕ್ತ ಕುದಿಯುತ್ತದೆ.

ವಿತೊಮಿರ್ ಮೊರಾವಾ ಹೊಳೆದಂಡೆಯ ಸರ್ಬಿಯನ್ ಹಳ್ಳಿಯೊಂದರಲ್ಲಿ ಟೈರ್ ಅಂಗಡಿ ಇಟ್ಟವನು. ಬೋಲ್ಟು ತಿರುಗದಿದ್ದರೆ ಬೋಲ್ಟಿನ ಏಳು ತಲೆಮಾರನ್ನು ಎಳೆದು ಬೈಯುವ ಆಸಾಮಿ. ಊರು ಅವನ ಬಾಯನ್ನು ಸಹಿಸಿಕೊಂಡದ್ದು ಅವನ ರಾಕಿಯಾಕ್ಕಾಗಿ. ಹಿತ್ತಲ ಪ್ಲಮ್ ಹಣ್ಣು ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡೆರಡು ಸಲ ಭಟ್ಟಿ ಇಳಿಸಿದ ಸಾರಾಯಿ ಅದು. ಹಣ್ಣಿಗೆ ಸಕ್ಕರೆ ಬೆರೆಸಿ ಹೆಚ್ಚು ಇಳಿಸಿಕೊಳ್ಳುವವರೂ ಇದ್ದರು. ಅಂಥವರನ್ನು ಊರವರು ಮದುವೆಗೆ ಕರೆಯುತ್ತಿದ್ದರು, ಅವರ ಬಾಟಲಿಯನ್ನಲ್ಲ.

ಒಂದು ಚಳಿಗಾಲ ಲಾರಿಯ ಟೈರ್ ಎತ್ತುವಾಗ ಅವನಿಗೆ ಹರ್ನಿಯಾ ಇಳಿಯಿತು. ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಎಂದರು. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ನೆವೆನಾ ಎಂಬ ಹುಡುಗಿ ಒಂದು ಸಂಶೋಧನೆಗೆ ಕೈಹಾಕಿದ್ದಳು.

"ವಿತೊ ಚಿಕ್ಕಪ್ಪ, ನಿಮ್ಮ ಹಣೆಗೊಂದು ಪಟ್ಟಿ ಅಂಟಿಸ್ತೀನಿ. ಮಿದುಳು ಎಷ್ಟು ಆಳ ನಿದ್ದೇಲಿದೆ ಅಂತ ಯಂತ್ರ ಅಂಕಿ ತೋರಿಸುತ್ತೆ. ಅರ್ಧ ಜನರಿಗೆ ಆ ಅಂಕಿ ನೋಡ್ಕೊಂಡು ಔಷಧಿ ಕೊಡ್ತೀನಿ. ಇನ್ನರ್ಧ ಜನರಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಹಳೇ ಥರಾನೇ ನಾಡಿ, ರಕ್ತದೊತ್ತಡ ನೋಡಿ ಕೊಡ್ತೀನಿ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ."

"ಮುಚ್ಚಿಡೋಕೆ ಯಂತ್ರ ಯಾಕಮ್ಮ ತರಿಸಿದ್ರಿ?"

"ಹೋಲಿಸಿ ನೋಡೋಕೆ. ಹೇಳಿ, ನೀವು ಕುಡೀತೀರಾ?"

"ಇಲ್ಲ."

ಪಕ್ಕದಲ್ಲಿದ್ದ ಹೆಂಡತಿ ದೆಸಾಂಕಾಳೂ ಶಿಲುಬೆಯ ಗುರುತು ಹಾಕಿಕೊಂಡು, "ನಮ್ಮ ಮನೇಲಿ ಯಾರೂ ಕುಡಿಯಲ್ಲ ಡಾಕ್ಟ್ರಮ್ಮ" ಎಂದಳು. ಇಬ್ಬರೂ ಸುಳ್ಳು ಹೇಳಿದ್ದಲ್ಲ. ಬೆಳಗಿನ ರಾಕಿಯಾ ರಕ್ತ ಓಡಾಡಲಿಕ್ಕೆ, ಮಧ್ಯಾಹ್ನದ್ದು ಅನ್ನ ಅರಗಲಿಕ್ಕೆ, ಸಂಜೆಯದ್ದು ನಂಟರ ಮರ್ಯಾದೆಗೆ. ಅವರ ಲೆಕ್ಕದಲ್ಲಿ ಕುಡಿಯುವುದೆಂದರೆ ಬೀರು.

ಅದೇ ದಿನ ದೆಸಾಂಕಾ, ಎಲ್ಲರೂ ಮಾಡುವಂತೆ, ಸರ್ಜನ್ ಗ್ವೊಜ್ದೆನ್ ಅವರ ಕೋಣೆಗೆ ಒಂದು ಬಾಟಲಿ ಕೊಟ್ಟು ಬಂದಳು. ಬಾಯಿಗೆ ಜೋಳದ ದಿಂಡಿನ ಬಿರಡೆ, ಬಿರಡೆಗೆ ಅವಳೇ ಸುತ್ತಿದ ಕೆಂಪು ಉಣ್ಣೆ ದಾರ.

ವಿತೊಮಿರನ ಪಾಲಿಗೆ ಬಂದದ್ದು ಬಟ್ಟೆಯ ಚೀಟಿ. ಕುಡಿಯದವನೆಂದು ಅಳೆದು ಕೊಟ್ಟ ಔಷಧಿ, ವರ್ಷಗಟ್ಟಲೆ ರಾಕಿಯಾದಲ್ಲಿ ನೆನೆದ ಆ ದೇಹಕ್ಕೆ ಸಾಲಲಿಲ್ಲ. ಆಪರೇಷನ್ನಿನ ನಡುವೆ ಕಿವಿ ತೆರೆಯಿತು. ಕೈಕಾಲು ಸತ್ತಂತೆ ಬಿದ್ದಿವೆ, ನಾಲಿಗೆ ಹೊರಳದು, ನೋವೂ ಇಲ್ಲ. ಯಂತ್ರಕ್ಕೆ ಎಲ್ಲ ಗೊತ್ತಿತ್ತು, ಆದರೆ ಅದರ ಮೋರೆಗೆ ಹಸಿರು ಟವೆಲ್ಲು. ಆಗ ಕೇಳಿಸಿತು ಗ್ವೊಜ್ದೆನ್ ಅವರ ದನಿ:

"ಇವನ ರಾಕಿಯಾ ನಿನ್ನೆ ರುಚಿ ನೋಡಿದೆ. ಬರೀ ಸಕ್ಕರೆ! ಡ್ರೈವರಿಗೆ ಕೊಟ್ಟೆ, ಆಂಬುಲೆನ್ಸ್ ಗಾಜಾದ್ರೂ ತೊಳ್ಕೊಳ್ಲಿ."

ಹೊಟ್ಟೆ ತೆರೆದು ಮಲಗಿದವನಿಗೆ ಹೊಡೆಯಲಿಕ್ಕೆ ಕೈ ಬೇಕಿತ್ತು. ಕೈ ಏಳಲಿಲ್ಲ. ಮತ್ತೆ ಕತ್ತಲೆ.

ಮರುದಿನ ನೆವೆನಾ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು. "ಚಿಕ್ಕಪ್ಪ, ನಿದ್ದೆ ಬರೋದಕ್ಕೂ ಎಚ್ಚರ ಆಗೋದಕ್ಕೂ ಮಧ್ಯೆ ಏನಾದ್ರೂ ನೆನಪಿದೆಯಾ?"

ಅವನು ಬಾಯಿ ತೆರೆದ. ಆದರೆ ಪಕ್ಕದ ಮಂಚದಲ್ಲಿ, ಕಾಲು ಮುರಿದುಕೊಂಡು ಬಿದ್ದಿದ್ದ ಸ್ರೆತೆನ್ ಕಿವಿ ನಿಮಿರಿಸಿದ್ದ. ಇವನ ಊರಿನವನೇ, ಭಟ್ಟಿಯಲ್ಲಿ ಇವನಿಗೆ ಎದುರಾಳಿ. ಎಚ್ಚರವಿತ್ತು ಎಂದರೆ ಏನು ಕೇಳಿದೆ ಎಂದು ಹೇಳಬೇಕು. ಹೇಳಿದರೆ ಸಂಜೆಯೊಳಗೆ ಊರೆಲ್ಲ ವಿತೊಮಿರನ ಸಕ್ಕರೆಯ ಸುದ್ದಿ.

"ಏನೂ ಇಲ್ಲ. ಕಲ್ಲಿನ ಹಾಗೆ ಮಲಗಿದ್ದೆ."

ಮನೆಗೆ ಹೊರಟಾಗ ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸಿನ ಡ್ರೈವರ್ ಗಾಜು ತೊಳೆಯುವ ನೀರು ಚಳಿಗೆ ಹೆಪ್ಪುಗಟ್ಟದಿರಲೆಂದು ಬಾನೆಟ್ ಎತ್ತಿ ಬಾಟಲಿಯಿಂದ ಏನೋ ಸುರಿಯುತ್ತಿದ್ದ. ಪಕ್ಕದಲ್ಲಿ ಜೋಳದ ದಿಂಡು, ಅದಕ್ಕೆ ಕೆಂಪು ದಾರ. ದೆಸಾಂಕಾ ಗಂಡನ ರಟ್ಟೆ ಗಟ್ಟಿಯಾಗಿ ಹಿಡಿದಳು. "ಹೊಲಿಗೆ ಬಿಚ್ಚೀತು, ಸುಮ್ನೆ ನಡೀರಿ." ನಡೆದ.

ಸುಮ್ಮನಿದ್ದೇ ಬದುಕು ಮುಗಿಯುತ್ತಿತ್ತೇನೋ. ಆದರೆ ತಿಂಗಳಾದ ಮೇಲೆ ಗಾಯ ತೋರಿಸಲು ಹೋದಾಗ, ಜೊತೆಗೆ ಬಂದ ದೆಸಾಂಕಾ ತನಗೂ ಹೊಟ್ಟೆನೋವು ಎಂದಳು; ನೋಡಿ ಪಿತ್ತಕೋಶದಲ್ಲಿ ಕಲ್ಲು ಎಂದರು. ಅದೇ ಆಸ್ಪತ್ರೆ, ಅದೇ ಸಂಶೋಧನೆ.

"ಇವಳ ಯಂತ್ರಕ್ಕೂ ಬಟ್ಟೆ ಮುಚ್ತೀರೇನಮ್ಮ?" ವಿತೊಮಿರ್ ವರಾಂಡದಲ್ಲಿ ನೆವೆನಾಳನ್ನು ಕೇಳಿದ.

"ಅದು ಚೀಟಿ ಹೇಳುತ್ತೆ ಚಿಕ್ಕಪ್ಪ."

ಊರುಗೋಲಿನ ಮೇಲೆ ಸ್ರೆತೆನ್ ಅಲ್ಲೇ ನಿಂತಿದ್ದ. ಗ್ವೊಜ್ದೆನ್ ಅವರೂ ಕಾಫಿ ಲೋಟ ಹಿಡಿದು ಅತ್ತ ಬರುತ್ತಿದ್ದರು. ವಿತೊಮಿರ್ ಹೆಂಡತಿಯ ಮುಖ ನೋಡಿದ. ಆ ಮೇಜಿನ ಮೇಲೆ, ಆ ಕತ್ತಲೆಯಲ್ಲಿ, ಇವಳು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತು. ಅಷ್ಟೇ, ಗಂಟಲಿನ ಬೀಗ ಕಿತ್ತುಹೋಯಿತು.

"ಬಟ್ಟೆ ಕಿತ್ತು ಬಿಸಾಕಮ್ಮ! ನಂಗೆ ಎಚ್ಚರ ಇತ್ತು! ಈ ಡಾಕ್ಟ್ರು ನನ್ನ ಹೊಟ್ಟೇಲಿ ಕೈಯಿಟ್ಕೊಂಡು, ನನ್ನ ರಾಕಿಯಾಕ್ಕೆ ಸಕ್ಕರೆ ಹಾಕಿದೀನಿ ಅಂದ್ರು! ಆಂಬುಲೆನ್ಸ್ ಗಾಜಿಗೆ ಕೊಟ್ಟೆ ಅಂದ್ರು! ಕೊಟ್ಟಿದ್ದನ್ನ ಕಣ್ಣಾರೆ ಕಂಡೆ!"

ಗ್ವೊಜ್ದೆನ್ ಕೆಮ್ಮಿ, "ಕನಸು ಮಾರಾಯ. ಔಷಧೀಲಿ ಹಾಗಾಗುತ್ತೆ" ಎಂದರು.

"ಕನಸಲ್ಲ ಸರ್," ಎಂದಳು ನೆವೆನಾ, ಮೆಲ್ಲಗೆ. "ಅವರ ಯಂತ್ರದ ದಾಖಲೆ ನೋಡಿದೀನಿ. ನಡುವೆ ಅಂಕಿ ಏರಿತ್ತು. ನೀವು ಅಂದಿದ್ದೂ ನಂಗೆ ನೆನಪಿದೆ." ಆಮೇಲೆ ಇವನತ್ತ ತಿರುಗಿ, "ಚಿಕ್ಕಪ್ಪ, ನಿಜ ಹೇಳಿ. ಕುಡೀತೀರಾ?"

"ಇಲ್ಲ ಅಂದ್ನಲ್ಲ!"

"ರಾಕಿಯಾ?"

"ಅದು ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

ನೆವೆನಾ ಹಣೆ ಚಚ್ಚಿಕೊಂಡಳು. ಅಂದಿನಿಂದ ಅವಳ ಪ್ರಶ್ನೆ ಬದಲಾಯಿತು: ಬೆಳಿಗ್ಗೆ ಎಷ್ಟು ಗ್ಲಾಸು? ಆ ಸೀಮೆಯಲ್ಲಿ ಅಲ್ಲಿವರೆಗೆ ಕುಡಿಯದಿದ್ದವರೆಲ್ಲ ಒಂದೇ ವಾರದಲ್ಲಿ ಕುಡಿಯುವವರಾದರು, ಪಾದ್ರಿಗಳೂ ಸೇರಿ. ದೆಸಾಂಕಾ ತಲೆ ತಗ್ಗಿಸಿ, "ಎರಡು. ಇವರು ಅಂಗಡಿಗೆ ಹೋದ ಮೇಲೆ" ಎಂದಳು.

ಅವಳ ಆಪರೇಷನ್ನಿಗೆ ಚೀಟಿ ಎತ್ತಲಿಲ್ಲ. ಯಂತ್ರದ ಮೋರೆ ತೆರೆದೇ ಇತ್ತು, ಅವಳು ಕಲ್ಲಿನ ಹಾಗೆ ಮಲಗಿದ್ದಳು. ಹೊರಗೆ ಬೆಂಚಿನ ಮೇಲೆ ಬೆವರುತ್ತಿದ್ದ ವಿತೊಮಿರನ ಹೆಗಲ ಮೇಲೆ, ಆಪರೇಷನ್ ಮುಗಿಸಿ ಬಂದ ಗ್ವೊಜ್ದೆನ್ ಕೈಯಿಟ್ಟರು. "ಹೋಗ್ಲಿ ಬಿಡು, ಅವತ್ತು ಶೀತ ಆಗಿತ್ತು, ನಾಲಿಗೆ ಕೆಟ್ಟಿತ್ತು. ಪ್ಲಮ್ ಸುಗ್ಗೀಲಿ ನಿನ್ನ ಭಟ್ಟಿಗೆ ಬರ್ತೀನಿ. ನಾಲ್ಕು ಜನರ ಎದುರು ಕುಡಿದು, ಇದು ಹಣ್ಣಿಂದು ಅಂತ ನಾನೇ ಹೇಳ್ತೀನಿ. ಮಾತು ಕೊಟ್ಟೆ."

ಊರಲ್ಲಿ ಈಗ ಅವನ ಅಂಗಡಿಗೆ ಸಕ್ಕರೆ ವಿತೊನ ಅಂಗಡಿ ಎಂದೇ ದಾರಿ ಹೇಳುತ್ತಾರೆ. ಪ್ರತಿ ಸುಗ್ಗಿಯಲ್ಲಿ ಹಂಡೆ ಇಳಿಸಿದಾಗ ಅವನು ಒಂದು ಗ್ಲಾಸು ತುಂಬಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾನೆ. ಸ್ರೆತೆನ್ ತಪ್ಪದೆ ಬರುತ್ತಾನೆ.

"ಏನೋ ವಿತೊ, ಡಾಕ್ಟ್ರು ಬಂದ್ರಾ?"

"ಬರ್ತಾರೆ."

"ಬರೋವರೆಗೆ ಅದನ್ನ ನಾನು ಕುಡೀಲಾ?"

"ಮುಟ್ಟಿದ್ರೆ ಇನ್ನೊಂದು ಕಾಲೂ ಮುರೀತೀನಿ. ಅದು ಅವರದ್ದು."

ಸಂಜೆಯವರೆಗೂ ಅವನ ಕಣ್ಣು ಪೇಟೆಯ ರಸ್ತೆಯ ಮೇಲೆ. ಕತ್ತಲಾದ ಮೇಲೆ ದೆಸಾಂಕಾ ಗ್ಲಾಸನ್ನು ಒಳಗೆ ತರುತ್ತಾಳೆ.