ಕುಂಕುಮ ಹಚ್ಚಿದ ಪಾನಾ

ನನ್ನ ಗಂಡನ ತಾಯೀನ ಒಂದು ವರ್ಷ ನಾನು "ಅತ್ತಿ" ಅಂತ ಕರೀಲಿಲ್ಲ. ಉಣಸಿದೆ, ಜಳಕಾ ಮಾಡಿಸಿದೆ, ಬಗಲಾಗ ಕೈ ಕೊಟ್ಟು ಎತ್ತಿ ಕೂಡಿಸಿದೆ, ಮಲಗಿಸಿದೆ. ಮಾತು ಮಾತ್ರ ಆಡಲಿಲ್ಲ. ಏನರೆ ಹೇಳೂದಿದ್ರ ಗೋಡಿಗೆ ಹೇಳ್ತಿದ್ದೆ. "ನೀರು ಕಾದಾವು." "ಗುಳಗಿ ತಗೊಳ್ಳೂ ಹೊತ್ತಾತು." ಆಕಿ ತಿಳಕೊಂಡು ಕೈ ಚಾಚತಿದ್ಲು. ಮಂದಿ ನನ್ನ ಭಾಳ ಹೊಗಳ್ಯಾರ, ಗಂಡ ಹೋದ ಮ್ಯಾಲೂ ಅತ್ತೀನ ಹೆಂಗ ನೋಡ್ಕೋತಾಳ ನೋಡ್ರಿ ಅಂತ. ನನ್ನ ಹೊಟ್ಟ್ಯಾಗಿನ ಬೆಂಕಿ ಮಂದಿಗೇನು ಗೊತ್ತು? ನನ್ನ ಗಂಡನ್ನ ತಿಂದಾಕಿ ಇಕೀನ ಅಂತ ಹಲ್ಲು ಕಡಕೊಂಡು ಆಕಿ ಬಾಯಾಗ ತುತ್ತು ಇಡತಿದ್ದೆ.

ಕೊಂಢವಾದಾಗ ನಮ್ಮ ಮನಿ ಏರಿನ ನಟ್ಟನಡುವ ಅದ. ಗಲ್ಲಿ ಭಾಳ ಚಡಾವು. ರಿಕ್ಷಾದವರು ಕೆಳಗ ನಿಂತು ಮರಾಠ್ಯಾಗ "ಇಥೇಚ ಉತರಾ", ಇಲ್ಲೇ ಇಳೀರಿ, ಅಂತ ಇಳಿಸಿ ಹೋಗಿಬಿಡತಾರ, ಮ್ಯಾಲೆ ಬರೂ ಮಾತೇ ಇಲ್ಲ. ಗಲ್ಲಿ ಮ್ಯಾಲಿನ ತುದಿಗೆ ಮಾರುತಿ ಗುಡಿ. ಇಂಡಿ ಕಡಿಂದ ಈ ಊರಿಗೆ ಬಂದಾಗಿನಿಂದ ಆಕಿ ಒಂದು ಶನಿವಾರನೂ ಆ ಗುಡಿ ತಪ್ಪಿಸಿರಲಿಲ್ಲ. ಲಕ್ವಾ ಹೊಡೆದು ಬಲಗಡಿ ಕೈಕಾಲು ಬಿದ್ದವು, ಗುಡಿ ನಿಂತುಹೋತು. ದವಾಖಾನಿಗೆ ಹೋಗಬೇಕಾದ್ರ ನಮ್ಮನಿಯವರು ಬೆನ್ನ ಮ್ಯಾಲೆ ಹೊತ್ಕೊಂಡು ಇಳೀತಿದ್ರು. ಗುಡಿಗೆ ಹಂಗ ಹೋಗಾಕ ಆಕಿ ಒಪ್ಪಲಿಲ್ಲ. "ದೇವರ ಮುಂದ ಮೂಟಿಯಂಗ ಇಳಿಸಿಕೊಳ್ಳಲೇನು?" ಅಂತಿದ್ಲು.

ನಮ್ಮನಿಯವರು ಚಿಂಚವಾಡದ ಕಾರಖಾನಿ ಬಿಟ್ಟು ಗಲ್ಲಿ ಕೆಳಗ ಒಂದು ಗ್ಯಾರೇಜ್ ಹಾಕಿದ್ರು. ಮದುವಿ ಲಾನ್‌ಗಳಾಗ ಮದುಮಕ್ಕಳನ್ನ ಗೇಟಿನಿಂದ ಮಂಟಪಕ್ಕ ಒಯ್ಯೂ ಬ್ಯಾಟ್ರಿ ಗಾಡಿ ಇರ್ತಾವಲ್ಲ, ಗಾಲ್ಫ್ ಕಾರ್ಟ್ ಅಂತಾರ, ಅವನ್ನ ರಿಪೇರಿ ಮಾಡತಿದ್ರು. ಒಂದು ಲಾನಿನವರು ಹಳೇ ಗಾಡಿ ಗುಜರಿಗೆ ಹಾಕಾಕ ಹತ್ತಿದ್ರು. ಇವರು ಕೇಳಿ ತಂದ್ರು. ಚಪ್ಪರದ ಪ್ಲಾಸ್ಟಿಕ್ ಚೆಂಡಹೂವಿನ ಸರಾ ಇನ್ನೂ ಹಂಗೇ ಜೋತುಬಿದ್ದಿತ್ತು. "ಅವ್ವಗ ಗುಡಿಗೆ ಹೋಗಾಕ," ಅಂದ್ರು. ನಾನು ನಕ್ಕೆ. ಖರೇ ಹೇಳಬೇಕಂದ್ರ ನನಗೂ ಖುಷಿ ಆಗಿತ್ತು, ಆಕಿ ಒಂದು ತಾಸು ಹೊರಗ ಹೋದ್ರ ನಾನೂ ಒಂದು ತಾಸು ಕಾಲು ಚಾಚಬಹುದು ಅಂತ.

ಮೊದಲನೇ ಸಲ ತಾಯೀನ ಕೂಡಿಸಿಕೊಂಡು ಹೊಂಟ್ರು. ಅರ್ಧಾ ಏರಿಗೆ ಹೋಗಿ ಗಾಡಿ ಗುಂಯ್ ಅಂತ ಒದರಿ ನಿಂತುಬಿಡ್ತು. ಓಣಿ ಮಂದಿ ಬಂದು ಸುತ್ತಲೂ ಹಿಡಕೊಂಡು ಹಿಂದಕ್ಕ ಇಳಿಸಿದ್ರು. ಯಾರೋ ಒಬ್ಬ ಹೂವಿನ ಸರಾ ನೋಡಿ "ನವರಿ ಆಲೀ, ನವರಿ ಆಲೀ" ಅಂತ ಕೂಗಿದ. ಮದಲಗಿತ್ತಿ ಬಂದ್ಲು ಅಂತ ನಗಿಚಾಟಕಿ. ಆಕಿನೂ ಎಲ್ಲಾರ ಜೋಡಿ ನಕ್ಕಳು. ಮನಿಗೆ ಬಂದ ಮ್ಯಾಲೆ ಸೆರಗು ಮಾರಿಗೆ ಹಾಕ್ಕೊಂಡು ಅತ್ತಳು. ಅದನ್ನ ನೋಡಿದ ಮ್ಯಾಲೆ ನಮ್ಮನಿಯವರಿಗೆ ಹಟಾ ಹತ್ತಿಬಿಡ್ತು.

"ಮೂವತ್ತಾರು ವೋಲ್ಟ್ ಈ ಏರಿಗೆ ಸಾಲೂದಿಲ್ಲ. ನಲವತ್ತೆಂಟು ಮಾಡ್ತೀನಿ," ಅಂದ್ರು. ಸೀಟಿನ ಕೆಳಗ ಆರು ಬ್ಯಾಟ್ರಿ ಇದ್ದವು, ಒಂದೊಂದು ಆರು ವೋಲ್ಟಿಂದು. ಅವನ್ನ ತಗದು ಅದೇ ಜಾಗಾಕ್ಕ ಎಂಟು ವೋಲ್ಟಿನವು ಆರು ಕೂಡಿಸೂದು. ಹಂಗಂತ ಬ್ಯಾಟ್ರಿ ಒಂದು ಬದಲಿ ಮಾಡಿದ್ರ ಮುಗೀಲಿಲ್ಲ. ಕರೆಂಟ್ ಅಳದು ಬಿಡೂ ಕಂಟ್ರೋಲರ್ ಬ್ಯಾರೆ ಬೇಕು, ಚಾರ್ಜರ್ ಬ್ಯಾರೆ ಬೇಕು, ಇಲ್ಲಾಂದ್ರ ಸುಟ್ಟು ಹೋಗತದ. ಇಷ್ಟೆಲ್ಲಾ ನನಗ್ಯಾಕ ಗೊತ್ತು ಅಂದ್ರ ಬಾಜೂಕ ಕುಂತು ಪಾನಾ ಕೊಡಾಕಿ ನಾನೇ. ನಟ್ಟು ಬಿಗಿಯೂ ಆ ಪಾನಾಕ್ಕ ಇವರು ಬಾಯಿ ಒಂದು ಬಿಟ್ಟು ಉಳಿದದ್ದಕ್ಕೆಲ್ಲಾ ಕರಿ ಟೇಪು ಸುತ್ತಿದ್ರು. ಪಾನಾ ಜಾರಿ ಬ್ಯಾಟ್ರಿಯ ಎರಡೂ ತುದಿಗೆ ಒಮ್ಮೆಲೆ ತಾಗಿದ್ರ ಕಿಡಿ ಹಾರತದಂತ. ನನಗ ಬೈದು ಬೈದು ಕಲಿಸಿದ್ರು. ನಾನೇನು ಬಿಡಾಕೀನ, ತಿರುಗಿ ಬೈದೆ.

ಎಲ್ಲಾ ಕೂಡಿಸಿ ಗ್ಯಾರೇಜಿನ ಮುಂದ ಒಂದು ಸಲ ಓಡಿಸಿದ್ರು. ಗಾಡಿ ಜಿಗದು ಹೊಂಟಿತು. ಇಳಿದು ಬಂದು ಹಿಂದಿನ ಗಾಲಿ ಬಗ್ಗಿ ನೋಡಿದ್ರು. "ಇದು ಸಪಾಟ ಹುಲ್ಲಿನ ಮ್ಯಾಲೆ ತಿರುಗಿದ ಗಾಡಿ. ಏರು ಹತ್ತಿಲ್ಲ, ಹಂಗಾಗಿ ಇಳದೂ ಇಲ್ಲ. ಈಗ ಹತ್ತತದ. ಇಳಿಯೂ ಮುಂದ ಈ ಹಳೇ ಬ್ರೇಕು ಸಾಲೂದಿಲ್ಲ," ಅಂದ್ರು. ಮರುದಿನಾನ ಹೊಸಾ ಬ್ರೇಕ್ ಶೂ, ಹೊಸಾ ಕೇಬಲ್ ತಂದಿಟ್ರು. ಅಷ್ಟರಾಗ ಕತ್ತಲಾತು. ಮುಂಜಾನೆದ್ದು ಹಾಕಿದ್ರಾತು ಅಂತ ಮಲಗಿದ್ರು.

ಮುಂಜಾನೆ ಅಂದ್ರ ಖಂಡೆ ಪೂಜಿ.

ನಮ್ಮ ಕಡೆ ಅವತ್ತು ಹತ್ಯಾರ ಪೂಜಿ. ಒಮ್ಮೆ ಕುಂಕುಮ ಏರಿಸಿದ್ರ ಮರುದಿನ ಬನ್ನಿ ಕೊಟ್ಟು ತಗೊಳ್ಳೂ ತನಕಾ ಒಂದು ಹತ್ಯಾರಾನೂ ಎತ್ತಂಗಿಲ್ಲ. ನಮ್ಮ ಮಾವನವರು ಒಂದು ವರ್ಷ ಗಿರಾಕಿ ಮಾತು ಕೇಳಿ ಅವತ್ತು ಲೇಥ್ ಮಶೀನ್ ಹಚ್ಚಿ ಕೈಬಟ್ಟು ಕಳಕೊಂಡಿದ್ರು. ಅದನ್ನ ಕಣ್ಣಾರೆ ಕಂಡಾಕಿ ನಮ್ಮ ಅತ್ತಿ. ಅವತ್ತಿನಿಂದ ಈ ಮಾತಿನಾಗ ಆಕಿ ಯಾರ ಮಾತೂ ಕೇಳಾಕಿ ಅಲ್ಲ. ಇವರು ಜಳಕಾ ಮಾಡಿ ಬರೂದರಾಗ ಆಕಿ ಹಾಸಗಿ ಮ್ಯಾಲೆ ಕುಂತು, ಆಡೂ ಕೈ ಒಂದರಿಂದ, ಪೂಜಿಗಂತ ಗ್ಯಾರೇಜಿನಿಂದ ತಂದಿಟ್ಟ ಎಲ್ಲಾ ಹತ್ಯಾರ ಒರಸಿ ತಾಟಿನ್ಯಾಗ ಜೋಡಿಸಿ ಕುಂಕುಮ ಹಚ್ಚಿಬಿಟ್ಟಿದ್ಲು. ಹೊಸಾ ಬ್ರೇಕ್ ಶೂಗೂ ಹಚ್ಚಿದ್ಲು.

"ಅಯ್ಯ, ಬ್ರೇಕ್ ಇನ್ನೂ ಹಾಕೂದು ಅದಲ್ಲಬೇ!" ಅಂತ ನಾ ಒದರಿದೆ.

"ನಾಳಿ ಬನ್ನಿ ಕೊಟ್ಟ ಮ್ಯಾಲೆ ಹಾಕ್ತಾನೇಳು. ಇವತ್ತು ಎತ್ತಬ್ಯಾಡ್ರಿ," ಅಂದ್ಲು.

ಸರಿ, ಎತ್ತಬ್ಯಾಡ. ಗಾಡಿ ನಿಲ್ಲಿಸಿದ್ರ ಮುಗೀತಿತ್ತು. ಆದ್ರ ನಮ್ಮಲ್ಲಿ ಇನ್ನೊಂದು ಪದ್ಧತಿ ಅದ ನೋಡ್ರಿ. ಹತ್ಯಾರ ಕುಂದರಬೇಕು, ಗಾಡಿ ಮಾತ್ರ ನಿಂದರಬಾರದು. ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ತುಳಿಸಿ, ದೇವರ ತನಕಾ ಒಂದು ಸುತ್ತು ಹೊಡೀಬೇಕು. ಪೂಜಿ ಆದ ಮ್ಯಾಲೆ ಆಕಿ ಮಗನ ಮಾರಿ ನೋಡಿ, "ಯಪ್ಪಾ, ಗುಡಿಗೆ ಹೋಗೂಣೇನು?" ಅಂದ್ಲು. ಹೊಸಾ ಸೀರಿ ಉಡಿಸಿಕೊಂಡಿದ್ಲು ನನ್ನ ಕೈಲೆ.

ಇವರು ನನ್ನ ಕಡೆ ನೋಡಿದ್ರು. "ಬ್ಯಾಡ್ರಿ," ಅಂದೆ. "ಏ, ಹಳೇ ಬ್ರೇಕೇನು ಪೂರಾ ಸತ್ತಿಲ್ಲ. ಸಾವಕಾಶ ಹೋಗಿ ಬರ್ತೀವಿ. ನೀ ಯಾವಾಗಲೂ ಮೂಗಿನ ಮ್ಯಾಲೆ ಸಿಟ್ಟಿಟ್ಕೊಂಡಿರತಿ," ಅಂತ ನನ್ನ ಗಲ್ಲಾ ಚಿವುಟಿ ಹೋದ್ರು. ತಾಯಿ ಮಾತು ಮೀರದಾಂವ, ನನ್ನ ಮಾತು ಮೀರಿದ.

ಗಾಡಿ ಏರು ಹತ್ತಿದ್ದನ್ನ ನೋಡಬೇಕಿತ್ತು. ಒಂದು ಸಲನೂ ತಡವರಿಸಲಿಲ್ಲ. ಓಣಿ ಮಂದಿ ಚಪ್ಪಾಳಿ ಹೊಡೆದ್ರು. ಆಕಿ ಎಡಗೈ ಎತ್ತಿ ಎಲ್ಲಾರಿಗೂ ನಮಸ್ಕಾರ ಮಾಡಕೋತ ಹೋದ್ಲು. ನಾನು ಬಾಗಲಾಗ ನಿಂತು ನೋಡಿದೆ, ನನ್ನ ಸಿಟ್ಟೂ ಇಳೀತು. ಹೂರಣ ರುಬ್ಬಾಕ ಒಳಗ ಹೋದೆ.

ಮುಂದ ಓಣ್ಯಾಗ ಕೂಗಾಟ ಕೇಳಿ ಹೊರಗ ಬಂದೆ. ಗಾಡಿ ಮ್ಯಾಲಿಂದ ಬರಾಕ ಹತ್ತಿತ್ತು, ಸಪ್ಪಳಿಲ್ಲದ. ಬ್ಯಾಟ್ರಿ ಗಾಡಿಗೆ ಸಪ್ಪಳ ಎಲ್ಲಿಂದ ಬರಬೇಕು? ಇವರು ಎರಡೂ ಕಾಲು ಕೊಟ್ಟು ಬ್ರೇಕ್ ತುಳೀತಿದ್ರು. ಕೇಬಲ್ ಹರದಿತ್ತಂತ, ಆಮ್ಯಾಲೆ ಗೊತ್ತಾತು. ನನ್ನ ಕಂಡು "ಅವ್ವನ್ನ ಹಿಡಿ!" ಅಂತ ಒದರಿದ್ರು. ನಾ ಓಡಿದೆ, ಯಾರನ್ನ ಹಿಡೀಲಿ, ಹೆಂಗ ಹಿಡೀಲಿ? ಗಲ್ಲಿ ಕೆಳಗ ಹೊಸಾ ಬಿಲ್ಡಿಂಗಿನ ಕೆಲಸ ನಡದಿತ್ತು, ಒಂದು ಬಾಜೂಕ ಉಸುಕಿನ ಗುಡ್ಡಿ, ಇನ್ನೊಂದು ಬಾಜೂಕ ಕಾಂಕ್ರೀಟಿನ ಕಂಬ. ತಾಯಿ ಉಸುಕಿನ ಕಡೆ ಬರೂಹಂಗ ಇವರು ಗಾಡಿ ತಿರುವಿದ್ರು. ತಾಯಿ ಉಸುಕಿನ್ಯಾಗ ಬಿದ್ಲು. ಕಂಬ ಇವರ ಕಡೆ ಬಂತು.

ದವಾಖಾನಿ ಮುಟ್ಟೂದರಾಗ ಮುಗದಿತ್ತು. ಮರುದಿನ ಬನ್ನಿ ಕೊಡಾಕ ಬಂದ ಮಂದಿ ಎಲಿ ಮುಟಿಗ್ಯಾಗ ಹಿಡಕೊಂಡೇ ಬಾಗಲಿನಿಂದ ಹಿಂದಕ್ಕ ಹೋದ್ರು. ಆಕಿಗೆ ಮೊಣಕಾಲು ತರಚಿತ್ತು, ಅಷ್ಟೇ. ಆ ತರಚಿದ ಗಾಯಾಕ್ಕ ಮುಲಾಮು ಹಚ್ಚಿದಾಕಿನೂ ನಾನೇ. ಇವರು ಕಡೀಕ ಹೇಳಿದ ಮಾತು "ಅವ್ವನ್ನ ಹಿಡಿ" ಅನ್ನೂದೊಂದೇ ನೋಡ್ರಿ, ಆ ಮಾತಿಗಾಗಿ ನೋಡಕೊಂಡೆ, ಪ್ರೀತಿಗಲ್ಲ. ಗಾಡಿ ಗುಜರಿಗೆ ಹೋತು, ಗ್ಯಾರೇಜಿಗೆ ಬ್ಯಾರೆಯವರು ಬಂದ್ರು. ಹತ್ಯಾರದ ಪೆಟಿಗಿ ಹಾಸಗಿ ಕೆಳಗ ಸರಿಸಿದೆ. ಯಾರೋ ಪುಣ್ಯಾತ್ಮರು ಒಂದು ಗಾಲಿಕುರ್ಚಿ ಕೊಟ್ರು. ದಿನಾ ಮುಂಜಾನೆ ಆಕೀನ ಅದರ ಮ್ಯಾಲೆ ಕೂಡಿಸಿ ಬಾಗಲಾಗ ಬಿಸಲಿಗೆ ಬಿಡತಿದ್ದೆ. ನಮ್ಮ ಹೊಸ್ತಿಲ ದಾಟಿದ್ರ ಅದೇ ಇಳಕಲು.

ವರ್ಷ ತುಂಬಿ ಮತ್ತ ಖಂಡೆ ಪೂಜಿ ಬಂತು. ನಾ ಪೂಜಿ ಗೀಜಿ ಮಾಡೂದಿಲ್ಲ ಅಂತ ಮೊದಲ ನಿರ್ಧಾರ ಮಾಡಿದ್ದೆ. ಎದ್ದು ನೋಡಿದ್ರ ಆಕಿ ಹಾಸಗಿಯಿಂದ ಬಗ್ಗಿ, ಒಂದು ಕೈಲೆ ಪೆಟಿಗಿ ಎಳದು, ಹತ್ಯಾರ ಒರಸಿ ತಾಟಿನ್ಯಾಗ ಇಟ್ಟು ಕುಂಕುಮ ಹಚ್ಚಿ ಮುಗಿಸಿದ್ಲು. ನನ್ನ ಮೈಯೆಲ್ಲಾ ಉರದುಹೋತು. ಎಷ್ಟು ಧೈರ್ಯ ಈ ಮುದುಕಿಗೆ! ಆಕೀನ ಎತ್ತಿ ಕುರ್ಚಿ ಮ್ಯಾಲೆ ಕೂಡಿಸಿ ಬಾಗಲಿಗೆ ತಳ್ಳಿದೆ. ತಾಟು ತೊಡಿ ಮ್ಯಾಲೆ ಇಟ್ಕೊಂಡೇ ಬಂದ್ಲು, ಬಿಡಲಿಲ್ಲ.

ಕುರ್ಚಿ ಬ್ರೇಕಿನ ಹಿಡಿಕಿ ಹಾಕಿದೆ. ಹಿಡೀಲಿಲ್ಲ. ಅದರ ನಟ್ಟು ಸಡಲಾಗಿತ್ತು. ಕುರ್ಚಿ ಸಾವಕಾಶ ಹೊಸ್ತಿಲ ಕಡೆ ಸರೀತು, ನಾ ಗಾಲಿಗೆ ಕಾಲು ಅಡ್ಡಾ ಕೊಟ್ಟೆ. ಆಗ ನನ್ನ ಬಾಯಿಂದ ಬಂತು. ಗೋಡಿಗೇ ಹೇಳಿದೆ, ಆದ್ರ ಆಕಿಗೆ ಚುಚ್ಚಬೇಕಂತನ ಹೇಳಿದೆ: "ನಾಳಿ ಬಿಗದ್ರಾತು. ಇವತ್ತು ಪಾನಾ ಎತ್ತಂಗಿಲ್ಲಲ್ಲ."

ಚುಚ್ಚಿತು. ಆಕಿ ಮಾರಿ ಸುಣ್ಣಾ ಬಳದಂಗಾತು. ನನಗ ಸಮಾಧಾನ ಆತು, ಸುಳ್ಳು ಯಾಕ ಹೇಳ್ಲಿ.

ಆಕಿ ತಾಟಿನ ಕಡೆ ನೋಡಿದ್ಲು. ಆಮ್ಯಾಲೆ ಎಡಗೈ ತಾಟಿನ್ಯಾಗ ಆಡಿಸಿ ಒಂದು ಪಾನಾ ಎತ್ತಿದ್ಲು. ಕರಿ ಟೇಪು ಸುತ್ತಿದ್ದು. ಹಸಿ ಕುಂಕುಮ ಆಕಿ ಕೈಬಟ್ಟಿಗೆಲ್ಲಾ ಹತ್ತಿತು. ನನ್ನ ಕಡೆ ಚಾಚಿದ್ಲು.

"ತಗೋ. ಇವತ್ತೇ ಬಿಗಿ," ಅಂದ್ಲು.

ನಾ ಕುಕ್ಕರಗಾಲಿಲೆ ಕುಂತು ನಟ್ಟಿಗೆ ಪಾನಾ ಹಚ್ಚಿದೆ. ಟೇಪಿನ ಮ್ಯಾಲೆ ಇವರು ಹಿಡದು ಹಿಡದು ನುಣ್ಣಗಾದ ಜಾಗಾ ಹಂಗೇ ಇತ್ತು. ಬಿಗದೆ. "ಇನ್ನಷ್ಟು," ಅಂದ್ಲು. ಬಿಗದೆ. "ಇನ್ನಷ್ಟು ಬಿಗಿ ಯವ್ವಾ," ಅಂತ ಅಳಾಕ ಶುರು ಮಾಡಿದ್ಲು. ನಾನು ಎರಡೂ ಕೈ ಹಾಕಿ ತಿರುವಿದೆ.

"ಸಾಕು ಅತ್ತಿ," ಅಂದೆ. "ಇನ್ನ ತಿರುಗಂಗಿಲ್ಲ."

ಆಕಿ ಪಾನಾ ವಾಪಸ್ ಇಸಗೊಂಡ್ಲು. ತಾಟಿನ್ಯಾಗ ಇಡಲಿಲ್ಲ, ಮರುದಿನ ಬನ್ನಿ ಕೊಡೂ ಹೊತ್ತಿನ ತನಕಾ ಕೈಯಾಗ ಹಿಡಕೊಂಡೇ ಇದ್ಲು.