ಕಿವಿಯಣ್ಣ ಬಿಚ್ಚಿದ ಹೊಲಿಗೆ

ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆಗೆ ಬ್ಲೇಡು ಹಾಕುವ ಧೈರ್ಯ ಇದುವರೆಗೆ ಮಾಡಿದವನು ಒಬ್ಬನೇ. ಅವನು ದರ್ಜಿಯೂ ಅಲ್ಲ, ಸೈಕಲ್ ರಿಪೇರಿಯವನು. ಆವತ್ತು ಅವನನ್ನು ಬಾಯಿಗೆ ಬಂದಂತೆ ಬೈದೆ. ಈಗ ಅವನ ಅಂಗಡಿ ದಾಟುವಾಗ ಚಪ್ಪಲಿ ಸದ್ದಾಗದಂತೆ ನಡೆಯುತ್ತೇನೆ.

ಎಲ್ಲ ಶುರುವಾದದ್ದು ನನ್ನ ಮಗಳ ರೇಸ್ ಸೈಕಲ್ಲಿನಿಂದ. ಅವಳು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾಳೆ. ಯಾರೋ ಓಡಿಸಿ ಬಿಟ್ಟ ಸೈಕಲ್ಲನ್ನು ಕೊಂಡು ತಂದು ಮಗುವಿನ ಹಾಗೆ ಸಾಕಿಕೊಂಡಿದ್ದಳು. ಬರುವ ಭಾನುವಾರ ಅವಳ ಮೊದಲ ರೇಸು. ಗುಡ್ಡ ಹತ್ತಬೇಕು, ಅದೇ ತಿರುವುಗಳ ರಸ್ತೆಯಲ್ಲಿ ಇಳಿಯಬೇಕು. ಆದರೆ ಆ ಸೈಕಲ್ಲಿಗೊಂದು ಕಾಯಿಲೆ. ಒತ್ತಿ ತುಳಿದರೆ ಸಾಕು, ‘ಟಿಕ್’. ಪ್ರತಿ ತುಳಿತಕ್ಕೂ ‘ಟಿಕ್’. ಚೈನು ಬದಲಿಸಿದಳು, ಪೆಡಲ್ ಬದಲಿಸಿದಳು, ಮೂರು ತಿಂಗಳು ಹುಡುಕಿದಳು. ಶಬ್ದ ಜಪ್ಪಯ್ಯ ಎಂದರೂ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಕಿವಿಯಣ್ಣನ ಹತ್ತಿರ ಹೋದೆವು. ಊರಿಗೆಲ್ಲ ಅವನು ಕಿವಿಯಣ್ಣ, ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ನನಗೂ. ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಡಿ. ರೇಡಿಯೋ ಇಲ್ಲ. ಗೋಡೆಯಲ್ಲಿ ಗಡಿಯಾರವಿದೆ, ಆದರೆ ಬೆಳಗಿನ ಹೊತ್ತು ಅದರ ಸೆಲ್ಲು ಇವನ ಜೇಬಿನಲ್ಲಿರುತ್ತದೆ; ಟಿಕ್‌ಟಿಕ್ ಅಡ್ಡ ಬರುತ್ತದಂತೆ. ಪಕ್ಕದಲ್ಲಿ ಕಿಟಕಿ ಗ್ರಿಲ್ ಮಾಡುವವರಿದ್ದಾರೆ. ಹತ್ತು ಗಂಟೆಗೆ ಅವರು ಕಬ್ಬಿಣ ಕೊಯ್ಯಲು ಶುರುಮಾಡಿದರೆ ಇವನ ಕೇಳುವ ಕೆಲಸ ಆ ದಿನಕ್ಕೆ ಮುಗಿಯಿತು. ಆಮೇಲೇನಿದ್ದರೂ ಪಂಕ್ಚರು, ಬ್ರೇಕು. ತಿಂಡಿ ಡಬ್ಬಿ ತಂದಿದ್ದ ಅವನ ಹೆಂಡತಿ ನನ್ನನ್ನು ನೋಡಿ ನಕ್ಕಳು: “ಏನು ಕಿವಿಯೋ ಏನೋ ಅಕ್ಕಾ! ಮನೇಲಿ ಹತ್ತು ಸಲ ಕೂಗಿದ್ರೂ ಕೇಳಿಸಲ್ಲ.”

ಅವನು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮಗಳಿಗೆ ಸೈಕಲ್ ತುಳಿಯಲು ಹೇಳಿ, ತಲೆ ಬಗ್ಗಿಸಿಕೊಂಡು ಪಕ್ಕದಲ್ಲೇ ಓಡಿದ.

“ಸೀಟಿಂದ ಎದ್ದು ತುಳಿಯಮ್ಮ.”

ಟಿಕ್.

“ಈಗ ತುಳೀಬೇಡ, ಹಾಗೇ ಹೋಗ್ಲಿ.”

ಸದ್ದಿಲ್ಲ.

“ಈಗ ತುಳಿ. ಆದ್ರೆ ಹ್ಯಾಂಡಲ್ ಜಗ್ಗಬೇಡ, ಬೆರಳು ಮಾತ್ರ ಇಡು.”

ಸದ್ದಿಲ್ಲ! ಅವನು ನಿಂತು ಉಸಿರು ಬಿಟ್ಟ. “ಇದು ಕಾಲಿನ ಕಡೇದಲ್ಲ ಅಕ್ಕಾ, ಕೈ ಕಡೇದು.”

ಮೂರು ತಿಂಗಳು ನಾವು ಗುಡ್ಡ ಅಗೆದದ್ದೇ ಬೇರೆ ಕಡೆ. ಇವನು ಮೂರು ಮಾತಿನಲ್ಲಿ ಹೇಳಿಬಿಟ್ಟ. ಅಷ್ಟರಲ್ಲಿ ಪಕ್ಕದಲ್ಲಿ ಕಬ್ಬಿಣ ಕಿರುಚತೊಡಗಿತು. “ನಾಳೆ ಬೇಗ ಬನ್ನಿ. ಅಲ್ಲೀವರೆಗೆ ಏನೂ ಮುಟ್ಟಬೇಡಿ” ಎಂದ. ಸೈಕಲ್ ಅಲ್ಲೇ ಬಿಟ್ಟುಬರಲು ಮಗಳಿಗೆ ಮನಸ್ಸಾಗಲಿಲ್ಲ.

ಮುಟ್ಟಬೇಡ ಎಂದರೆ ಸುಮ್ಮನಿರುವ ಹೆಂಗಸೇ ನಾನು? ಕೈ ಕಡೆಯದು ಎಂದನಲ್ಲ, ಅಷ್ಟು ಸಾಕು. ಸೋಫಾಕ್ಕೆ ತಂದು ಉಳಿದಿದ್ದ ದಪ್ಪ ರೆಕ್ಸಿನ್ ಕತ್ತರಿಸಿದೆ. ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಜಗ್ಗಿ ಜಗ್ಗಿ ಸುತ್ತಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದೆ. ಎರಡು ಸೂಜಿ ಮುರಿದವು. ಮಗಳು ಬೀದಿಯ ಕೊನೆಯವರೆಗೆ ತುಳಿದು ಬಂದಳು. ಶಬ್ದ ಮಾಯ!

“ಅಮ್ಮಾ, ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು!” ಎಂದು ನನ್ನನ್ನು ಅಪ್ಪಿಕೊಂಡಳು. ನನ್ನ ಜಂಬ ಕೇಳಬೇಕೆ, ಶುಕ್ರವಾರ ಬೆಳಿಗ್ಗೆ ಅದನ್ನು ತೋರಿಸಲೆಂದೇ ಕಿವಿಯಣ್ಣನ ಅಂಗಡಿಗೆ ಹೋದೆ.

ಅವನು ಮಗಳ ಪಕ್ಕದಲ್ಲಿ ಓಡಿ ಕೇಳಿದ. ಖುಷಿಪಡುತ್ತಾನೆ ಎಂದುಕೊಂಡರೆ ಮುಖ ಬಿಳುಚಿಕೊಂಡಿತು.

“ಶಬ್ದ ಎಲ್ಲಿಗೆ ಹೋಯ್ತು ಅಕ್ಕಾ?”

“ಎಲ್ಲಿಗಾದ್ರೂ ಹೋಗ್ಲಿ, ನಿನಗೇನಪ್ಪ? ತೊಲಗಿತಲ್ಲ!”

“ತೊಲಗಿಲ್ಲ. ನೀವು ಅದರ ಬಾಯಿ ಕಟ್ಟಿದ್ದೀರಿ.” ಹೊಲಿಗೆಯ ಮೇಲೆ ಬೆರಳಾಡಿಸಿ, “ಎಂಥಾ ಹೊಲಿಗೆ!” ಎಂದ, ಮನಸಾರೆ. ಹಾಗೆನ್ನುತ್ತಲೇ ಬ್ಲೇಡು ತೆಗೆದು ಸರ್ರನೆ ಸೀಳಿಬಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ಕೈ ಮುರೀಲಿ! ನಾಡಿದ್ದು ರೇಸು, ಇವನು ನೋಡಿದ್ರೆ ಹೋದ ಮಾರೀನ ಮತ್ತೆ ಕರೀತಾನೆ!” ಎಂದು ಬೀದಿಗೆ ಕೇಳುವಂತೆ ಕೂಗಿದೆ.

“ಬೈಯಿರಿ ಅಕ್ಕಾ. ಆದ್ರೆ ಸ್ವಲ್ಪ ಮೆಲ್ಲಗೆ ಬೈಯಿರಿ. ನಾನು ಕೇಳಿಸ್ಕೋಬೇಕು.”

ಜೇಬಿನಿಂದ ಅಂಚು ಸವೆದ ನಾಣ್ಯವೊಂದನ್ನು ತೆಗೆದ. ಆ ಕಪ್ಪು, ಹಗುರವಾದ ಕಾರ್ಬನ್ ಹ್ಯಾಂಡಲ್ಲನ್ನು ಒಂದೊಂದು ಬೆರಳಗಲಕ್ಕೂ ತಟ್ಟುತ್ತ ಬಂದ. ಠಕ್. ಠಕ್. ಠಕ್. ನಡುವೆ, ಬೋಲ್ಟು ಬಿಗಿಯುವ ಜಾಗದ ಹತ್ತಿರ ಬಂದಾಗ, ಬೊದ್.

ನನಗೂ ಕೇಳಿಸಿತು.

“ನಮ್ಮಮ್ಮ ಮಡಕೆ ಮಾರ್ತಿದ್ಲು,” ಎಂದ, ಬೋಲ್ಟು ಬಿಚ್ಚುತ್ತಾ. “ಬಂಡಿಗಟ್ಟಲೆ ಬರೋವು. ಒಂದೊಂದನ್ನೂ ತಟ್ಟಿ ಕೊಡೋದು ನನ್ನ ಕೆಲಸ. ಒಡಕಿನ ಮೇಲೆ ಮಣ್ಣು ಮೆತ್ತಿ ಬಣ್ಣ ಬಳಿದ್ರೆ ಕಣ್ಣಿಗೆ ಕಾಣಲ್ಲ. ತಟ್ಟಿದ್ರೆ ಮಾತ್ರ ಮುಚ್ಚಿಡೋಕಾಗಲ್ಲ. ಒಂದು ಸಲ ನಿದ್ದೆಗಣ್ಣಲ್ಲಿ ಸರಿಯಾಗಿ ಕೇಳಿಸ್ಕೊಳ್ದೆ ಒಡಕಿನದನ್ನೇ ಕೊಟ್ಟುಬಿಟ್ಟೆ. ತಗೊಂಡವರ ಮನೇಲಿ ಅದು ಒಡೀತು, ಕುದಿಯೋ ನೀರಿತ್ತು ಅದ್ರಲ್ಲಿ. ಆ ಮನೆಯಾಕೆ ಕಾಲು ಸುಟ್ಕೊಂಡ್ಲು.”

ಹ್ಯಾಂಡಲ್ಲನ್ನು ಹೊರಗೆ ತೆಗೆದು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದ. ಕೂದಲಷ್ಟು ಸಣ್ಣ ಗೆರೆಯೊಂದು ಬಾಯಿ ತೆರೆಯಿತು. ನನ್ನದೇ ಹೊಲಿಗೆಯ ದಾರದ ತುಂಡನ್ನು ಕೈಗೆ ಕೊಟ್ಟು, “ತೂರಿಸಿ ನೋಡಿ” ಎಂದ. ಸೂಜಿಗೆ ಪೋಣಿಸಿದಷ್ಟು ಸಲೀಸಾಗಿ ಒಳಗೆ ಹೋಯಿತು. ಆಮೇಲೆ ಅದನ್ನು ಮೆಟ್ಟಿಲಿಗೆ ಆನಿಸಿ ಒಂದೇ ಕಾಲಲ್ಲಿ ಮೆಟ್ಟಿದ. ಲಟಕ್ಕೆಂದು ಎರಡು ತುಂಡಾಯಿತು.

“ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಆಗ್ತಿದ್ದದ್ದು ಇದು,” ಎಂದ. ದನಿಯಲ್ಲಿ ಗೆದ್ದ ಹಮ್ಮು ಒಂದಿಷ್ಟೂ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೈ ಮುರೀಲಿ ಎಂದದ್ದು ಯಾರಿಗೆ, ಮುರಿಯಲಿದ್ದದ್ದು ಯಾರ ಕೈ! ಅಪಾಯ ಮೂರು ತಿಂಗಳಿಂದ ಕೂಗಿ ಹೇಳುತ್ತಿತ್ತು. ಹೆತ್ತ ತಾಯಿ ನಾನು ಅದರ ಬಾಯಿ ಹೊಲಿದಿದ್ದೆ. ಈ ಮನುಷ್ಯ ನನ್ನ ಬೈಗುಳದ ನಡುವೆಯೂ ಅದನ್ನು ಕೇಳಿಸಿಕೊಂಡ. ಸಣ್ಣ ಅಂಗಡಿಯಲ್ಲಿ ಕೂತು ಎಷ್ಟು ಜನರ ಜೀವ ಹೀಗೆ ಕಾದಿದ್ದಾನೋ, ಅವರಿಗೇ ಗೊತ್ತಿರಲಿಕ್ಕಿಲ್ಲ. “ತಪ್ಪಾಯ್ತಪ್ಪ” ಎಂದೆ. “ಅಯ್ಯೋ, ಏಳಿ ಅಕ್ಕಾ, ಮೆಟ್ಟಿಲಲ್ಲಿ ಗ್ರೀಸ್ ಇದೆ, ಸೀರೆ ಹಾಳಾಗುತ್ತೆ” ಎಂದ.

ಶನಿವಾರ ನಾವು ಹೋಗುವಾಗ ಹತ್ತೂವರೆ ದಾಟಿತ್ತು. ಅಟ್ಟದಲ್ಲಿ ತೂಗುಹಾಕಿದ್ದ ತನ್ನ ಹಳೆಯ ಸೈಕಲ್ಲಿನ ಅಲ್ಯುಮಿನಿಯಂ ಹ್ಯಾಂಡಲ್ಲನ್ನೇ ಬಿಚ್ಚಿ ಇಟ್ಟಿದ್ದ. ಮಗಳು ರೆಕ್ಸಿನ್ ಚಾಚಿದಳು. ನಾನು ಮುಟ್ಟಲಿಲ್ಲ. “ಮೊದಲು ನೀನು ಕೇಳಪ್ಪ. ಆಮೇಲೆ ಹೊಲೀತೀನಿ.”

ಅವನು ಗ್ರಿಲ್ ಅಂಗಡಿಯತ್ತ ತಿರುಗಿ ಸುಮ್ಮನೆ ಒಂದು ಕೈ ಎತ್ತಿದ. ಅಷ್ಟು ದೊಡ್ಡ ಯಂತ್ರ ನಿಂತಿತು. ಮೂವರು ಕೆಲಸಗಾರರೂ ಏಕೆಂದು ಕೇಳದೆ, ಕೈಕಟ್ಟಿ ನಿಂತರು. ಕಿವಿಯಣ್ಣ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟ. “ನೀವೇ ತಟ್ಟಿ ಅಕ್ಕಾ.”

ಆ ತುದಿಯಿಂದ ಈ ತುದಿಯವರೆಗೆ ತಟ್ಟಿದೆ. ಎಲ್ಲ ಕಡೆಯೂ ಒಂದೇ ದನಿ, ಠಣ್.

ಭಾನುವಾರ ಗುಡ್ಡದ ಬುಡದಲ್ಲಿ ನಿಂತಿದ್ದೆ. ಮಗಳು ಹನ್ನೆರಡನೆಯವಳಾಗಿ ಬಂದಳಂತೆ, ಜನ ಹೇಳಿದರು. ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿ ಹಿಡಿದು ವಾಲಿಕೊಂಡು ಬಂದಾಗ ಅವಳ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ನಾನು ನೋಡಿದ್ದು ಅಷ್ಟೇ.