ಅಡುಗೆಮನೆಯ ಕರಿಹಲಗೆ

‘ಆಗದ ಮಾತು’ ಎಂದವರು ನಮ್ಮತ್ತೆ. ನನ್ನ ವಿಷಯದಲ್ಲಿ ಅವರು ಈ ಮಾತನ್ನು ಎರಡು ಸಲ ಅಂದಿದ್ದಾರೆ. ಎರಡನೆಯದನ್ನು ಇವತ್ತು ಬೆಳಿಗ್ಗೆ ನೆನಪಿಗೆ ತಂದವನು ಬಣ್ಣ ಬಳಿಯಲು ಬಂದವನು. ಕ್ರಿಸ್ಮಸ್ಸಿಗೆ ಇನ್ನೂ ತಿಂಗಳ ಮೇಲಿದೆ. ಆದರೆ ಹಬ್ಬ ಹತ್ತಿರ ಬರಲಿ ಎಂದು ಕೂತರೆ ಅವನು ನಮ್ಮ ಕೈಗೆ ಸಿಗುವವನಲ್ಲ. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಯ ಮೇಲಿರುವ ಕರಿ ಚೌಕವನ್ನು ಉಗುರಿನಿಂದ ಕೆರೆದು ನೋಡಿ, ‘ಅಕ್ಕಾರ, ಇದೇನ್ರಿ, ಇಷ್ಟು ಹೊಗಿ ಹಿಡದೈತಿ?’ ಅಂದ.

‘ಹೊಗಿ ಅಲ್ಲಪ, ಅದು ಸಾಲಿ’ ಅಂದೆ.

‘ಸಾಲೀನೋ ಪಾಲೀನೋ, ಮುಚ್ಚಬೇಕೋ ಬಿಡಬೇಕೋ ಹೇಳ್ರಿ. ಮುಚ್ಚೋದಾದ್ರ ಮೂರು ಸಲ ಹೊಡೀಬೇಕಾಕ್ಕತಿ. ಮೊದಲ ಪಡಸಾಲಿ ಮುಗಿಸ್ತೀನಿ, ಅಷ್ಟ್ರಾಗ ಯೋಚನಿ ಮಾಡ್ರಿ.’

ಯೋಚನೆ ಮಾಡುತ್ತಾ ಕೂತೆ. ನೀವೂ ಕೂಡ್ರಿ. ಅವನ ಪಡಸಾಲೆ ಮುಗಿಯುವುದಕ್ಕೆ ಹೇಗೂ ಸಂಜೆಯಾಗುತ್ತದೆ.

ಮೊದಲ ‘ಆಗದ ಮಾತ’ನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಹಿರೇಹಡಗಲಿಯವಳು. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋದವರು, ಇಬ್ಬರೂ ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮದುವೆಯಾಗಿ ಕೂಡ್ಲಿಗಿಗೆ ಬಂದಾಗ ಇಂಗ್ಲಿಷಿನ ಎರಡು ಪೇಪರು ಬಾಕಿ ಉಳಿದಿದ್ದವು. ಕಟ್ಟಿ ಪಾಸಾಗುತ್ತೇನೆ ಅಂದೆ. ಅತ್ತೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಾ, ತಲೆ ಎತ್ತದೆ, ‘ಮನಿ, ಮಕ್ಕಳು, ರೊಟ್ಟಿ ಅಂದ್ಮ್ಯಾಲ ಅದೆಲ್ಲ ಆಗದ ಮಾತವ್ವ’ ಅಂದರು. ಮೂರನೇ ಸಲಕ್ಕೆ ಪಾಸಾದೆ. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಯೇಸುಸ್ವಾಮಿಯ ಪಟದ ಪಕ್ಕಕ್ಕೇ ಮೊಳೆ ಹೊಡೆಸಿದೆ. ಪಟಕ್ಕಿಂತ ಅದೇ ಒಂದು ಬೆರಳು ಅಗಲವಾಗಿತ್ತು. ಮನೆಗೆ ಬಂದ ಪಾಸ್ಟರಿಗೆ ಯಾವ ಕಡೆ ನೋಡಿ ಕಣ್ಣು ಮುಚ್ಚಬೇಕೆಂದು ಗೊಂದಲವಾಗುತ್ತಿತ್ತು. ಈಗ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ತೆಗೆದಿಲ್ಲ.

ಇನ್ನು ಎರಡನೆಯದು. ನನ್ನ ಮಗಳು ಕೃಪಾ ಯುಕೆಜಿಯಲ್ಲಿದ್ದಾಗ ಶಾಲೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಹದಿನೈದು ದಿನದಲ್ಲಿ ಇನ್ನೊಮ್ಮೆ ಬಿದ್ದಳು. ಶಾಲೆಯವರು ಬಹಳ ಮರ್ಯಾದೆಯಿಂದ, ‘ಪೂರಾ ಆರಾಮ ಆದ್ಮೇಲೆ ಕಳಸ್ರಿ’ ಅಂದರು. ಆ ಮರ್ಯಾದೆಯ ಅರ್ಥ ಗೊತ್ತಾಗಲು ಡಿಗ್ರಿ ಬೇಕಾಗಿರಲಿಲ್ಲ. ಗುಳಿಗೆ ಮೈಗೆ ಹಿಡಿಯುವುದಕ್ಕೆ ವರ್ಷವಾದರೂ ಬೇಕು, ಅಲ್ಲಿಯವರೆಗೆ ನಿದ್ದೆ ಕೆಡಬಾರದು, ಕಣ್ಣಳತೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದರು. ನಮ್ಮವರು ಗುಡೇಕೋಟೆಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದವರು, ಬೆಳಿಗ್ಗೆ ಎಂಟಕ್ಕೆ ಗಾಡಿ ಹತ್ತಿದರೆ ಬರುವುದು ಸಂಜೆ. ಮನೆಯಲ್ಲಿ ಉಳಿದವರು ನಾನು, ಅತ್ತೆ, ಕೃಪಾ.

‘ಮನ್ಯಾಗ ನಾನ ಕಲಸ್ತೀನಿ’ ಅಂದೆ.

ಅತ್ತೆ ಈ ಸಲ ತಲೆ ಎತ್ತಿದರು. ‘ಅಡಿಗಿಮನ್ಯಾಗ ಕುಂತು ಯಾವ ಕೂಸು ಓದು ಕಲ್ತೈತಿ? ಆಗದ ಮಾತು. ದೇವರು ಕೊಟ್ಟಷ್ಟು ದಿನ ಆರಾಮ ಇರ್ಲಿ ಬಿಡು.’

ಆ ‘ಕೊಟ್ಟಷ್ಟು ದಿನ’ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮರುದಿನವೇ ಓಣಿಯ ಸರ್ಕಾರಿ ಶಾಲೆಯ ಹೆಡ್ಮಾಸ್ತರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ‘ನೋಡ್ರಿ ತಾಯಿ, ಹುಡುಗಿಗೆ ಗುಳಿಗಿ ಹಿಡೀಲಿ. ಬರೋ ವರ್ಷ ಬಿಟ್ಟು ಅದರಾಚೆ ಜೂನಿಗೆ ಕರಕೊಂಡು ಬರ್ರಿ. ನನ್ನ ಮುಂದ ಒಂದು ಪುಟ ಓದಿದ್ರ ಓರಗಿಯವರ ಜೋಡಿ ಎರಡನೇತ್ತಕ್ಕ ಕುಂದರಸ್ತೀನಿ. ಓದಲಿಲ್ಲಂದ್ರ ಒಂದನೇತ್ತಾ’ ಅಂದರು. ಓದದಿದ್ದರೆ ನಮ್ಮ ಓಣಿಯ ಮಕ್ಕಳೆಲ್ಲ ಎರಡನೇ ತರಗತಿಯಲ್ಲಿ, ನನ್ನ ಮಗಳೊಬ್ಬಳೇ ಒಂದನೆಯದರಲ್ಲಿ, ತನಗಿಂತ ಗೇಣು ಗಿಡ್ಡ ಇರುವವರ ನಡುವೆ. ಮೊದಲೇ ‘ಬೀಳೋ ಹುಡುಗಿ’ ಎಂದು ಹೆಸರಾಗಿತ್ತು. ಆ ಹೆಸರಿನ ಜೊತೆ ಇದೂ ಸೇರಿದರೆ ಕಥೆ ಮುಗಿಯಿತು. ಒಂದು ಪುಟ. ಅದಕ್ಕಾಗಿ ನಮ್ಮವರು ಕರಿ ಬಣ್ಣದ ಡಬ್ಬಿ ತಂದು ಒಲೆಯ ಪಕ್ಕದಲ್ಲಿ ಮೂರಡಿ ಚೌಕ ಬಳಿದರು. ಒಲೆಯ ಪಕ್ಕ ಯಾಕೆ ಎಂದರೆ, ಮೇಷ್ಟರು ರೊಟ್ಟಿಯನ್ನೂ ಬಡಿಯಬೇಕಿತ್ತಲ್ಲ.

ಶಾಲೆ ನಡೆಸುವುದು ಇಷ್ಟು ಕಿರಿಕಿರಿಯ ಕೆಲಸ ಎಂದು ಗೊತ್ತಿದ್ದರೆ ನನಗೆ ಕಲಿಸಿದ ಮೇಷ್ಟರುಗಳನ್ನೆಲ್ಲ ಆಗಲೇ ಕ್ಷಮಿಸಿಬಿಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಮನೆ ಪ್ರಾರ್ಥನೆ, ಸಂಜೆ ಇನ್ನೊಮ್ಮೆ. ಅತ್ತೆ ಮೇಣದಬತ್ತಿ ಹಚ್ಚಿ, ಮಾವನವರ ಕಾಲದ ಪ್ರಾರ್ಥನೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಗಟ್ಟಿಯಾಗಿ ಓದುತ್ತಾರೆ. ಚರ್ಚಿನ ಹೆಂಗಸರ ಕೂಟದಲ್ಲೂ ಓದುವವರು ಅವರೇ. ಆಮೇಲೆ ಗುಳಿಗೆ, ಉಪ್ಪಿಟ್ಟು. ಒಂಬತ್ತಕ್ಕೆ ಶಾಲೆ. ಒಬ್ಬಳೇ ವಿದ್ಯಾರ್ಥಿನಿ, ಆದರೂ ಹಾಜರಿ ಕರೆಯಬೇಕು. ಕರೆಯದಿದ್ದರೆ ಕೃಪಾ ಕೂರುವುದಿಲ್ಲ. ಶಾಲೆ ಮುಗಿಯುವ ತನಕ ನನ್ನನ್ನು ಅವ್ವ ಅನ್ನುವುದಿಲ್ಲ, ‘ಮಿಸ್’. ಹನ್ನೆರಡಕ್ಕೆ ಮಿಸ್ಸು ಮಾಯವಾಗಿ ಅವ್ವ ಬರುತ್ತಾಳೆ. ಒಂದು ದಿನ ಅವ್ವನ ಹತ್ತಿರ ಬಂದು, ‘ನಾಳಿ ಸಾಲಿಗೆ ಹೋಗಂಗಿಲ್ಲ, ಮಿಸ್ ಭಾಳ ಸಿಟ್ಟಿನಾಕಿ’ ಎಂದು ನನ್ನ ಮೇಲೆ ನನಗೇ ದೂರು ಹೇಳಿದಳು. ಮಿಸ್ಸಿಗೆ ಹೇಳುತ್ತೇನೆ ಅಂದೆ. ಇನ್ನೇನು ಅನ್ನಲಿ?

ಲೆಕ್ಕಕ್ಕೆ ಹುಣಸೆ ಬೀಜ ಇಟ್ಟಿದ್ದೆ. ಏಳು ಬೀಜದಲ್ಲಿ ಮೂರು ತೆಗೆ ಅನ್ನುವಷ್ಟರಲ್ಲಿ ಅತ್ತೆ ಬಂದು, ‘ಹುರದ್ರ ಛಲೋ ಆಕ್ಕಾವು’ ಎಂದು ಏಳನ್ನೂ ಬಾಚಿಕೊಂಡು ಹೋಗುತ್ತಿದ್ದರು. ಕಾಪಿ ಬರೆಸುವಾಗ ಅವರಿಗೆ ಎಲ್ಲಿಲ್ಲದ ಕತೆ ನೆನಪಾಗುತ್ತಿತ್ತು. ನಾನು ಗದರಿದರೆ, ‘ನಿಮ್ಮ ಮಿಸ್ಸಿಗೆ ಪಿತ್ತ ಏರೈತಿ, ಬಾ, ಅಂಗಳಕ್ಕ ಹೋಗಾಮು’. ಎಷ್ಟೋ ಸಲ ಚಾಕ್‌ಪೀಸು ಹಿಡಿದ ಕೈಯಲ್ಲೇ ಹಣೆ ಹಿಡಿದುಕೊಂಡು ಕೂತಿದ್ದೇನೆ. ಮಧ್ಯಾಹ್ನ ಬಾಗಿಲಿಗೆ ಬಂದ ತರಕಾರಿಯವಳು ನನ್ನ ಬಿಳಿ ಹಣೆ ನೋಡಿ, ‘ಏನ್ರಿ, ವಿಭೂತಿ ಹಚ್ಚಿರಲ್ಲ, ನೀವು ಏಸುವಿನವರಲ್ಲೇನು?’ ಎಂದು ಕೇಳಿದ್ದೂ ಉಂಟು.

ಆದರೆ ಒಂದು ವಿಷಯದಲ್ಲಿ ನನ್ನ ಎದೆ ಉಬ್ಬಿತ್ತು. ಐದಾರು ತಿಂಗಳಾಗುವುದರೊಳಗೆ ಕೃಪಾ ಪ್ರಾರ್ಥನೆ ಪುಸ್ತಕವನ್ನು ಓದತೊಡಗಿದಳು. ಅಜ್ಜಿಯ ಹಾಗೇ ತೊಡೆಯ ಮೇಲಿಟ್ಟುಕೊಂಡು, ಅಜ್ಜಿಯ ಹಾಗೇ ಬೆರಳು ಸರಿಸುತ್ತಾ, ಎಲ್ಲೂ ತಡವರಿಸದೆ. ದೊಡ್ಡ ದೊಡ್ಡ ಮಾತುಗಳು, ನನಗೇ ಉಸಿರು ಕಟ್ಟುವಂಥವು. ನಾನು ಸುಮ್ಮನಿರುತ್ತೇನೆಯೇ? ವಿಡಿಯೋ ಮಾಡಿ ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದೆ. ಹೆಡ್ಮಾಸ್ತರು ರಸ್ತೆಯಲ್ಲಿ ಸಿಕ್ಕಾಗ, ‘ಒಂದ ಪುಟ ಯಾಕ್ರಿ ಸರ್, ಹತ್ತು ಓದ್ತಾಳ’ ಅಂದೆ. ಹಿರೇಹಡಗಲಿಗೆ ಫೋನು ಮಾಡಿ ಅವ್ವನಿಗೂ ಕೇಳಿಸಿದೆ. ಅವ್ವ ಆ ಕಡೆಯಿಂದ ಅತ್ತಳು.

ಆ ಬೇಸಿಗೆ ಬರುವ ಮೊದಲು ಒಂದು ಸಂಜೆ, ಪ್ರಾರ್ಥನೆಯಲ್ಲಿ ಕೃಪಾ ಓದುತ್ತಿದ್ದಳು. ನಾನು ಅವಳ ಹೆಗಲ ಮೇಲಿಂದ ನೋಡುತ್ತಿದ್ದೆ. ಪುಟ ತಿರುವಿದಳು. ಮೇಣ ತೊಟ್ಟಿಕ್ಕಿ ಎರಡು ಹಾಳೆ ಅಂಟಿಕೊಂಡಿದ್ದವು. ಎರಡೂ ಒಟ್ಟಿಗೇ ತಿರುಗಿದವು. ಆದರೆ ಪ್ರಾರ್ಥನೆ ಎಲ್ಲೂ ತುಂಡಾಗಲಿಲ್ಲ. ಅಂಟಿದ ಹಾಳೆಯೊಳಗಿದ್ದ ಮಾತುಗಳೆಲ್ಲ ಅವಳ ಬಾಯಿಂದ ಸರಾಗವಾಗಿ ಬಂದವು. ಕಣ್ಣು ನೋಡುತ್ತಿದ್ದ ಪುಟದಲ್ಲಿ ಅವು ಇರಲೇ ಇಲ್ಲ.

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಸೋಪಿನ ಪುಡಿಯ ಪೊಟ್ಟಣ ಕೊಟ್ಟು, ಇದನ್ನು ಓದು ಅಂದೆ. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

‘ಇದು ನಂಗ ಬರಂಗಿಲ್ಲ, ಮಿಸ್. ಇದನ್ನ ಅಜ್ಜಿ ಹೇಳಿಕೊಟ್ಟಿಲ್ಲ.’

‘ಪುಸ್ತಕ ಓದ್ತಿಯಲ್ಲ ಮತ್ತ?’

‘ಅದು ಹಿಂಗ ಬೆರಳ ಇಟ್ಟು ಅನ್ನೋದು. ಅಜ್ಜಿನೂ ಹಂಗ ಅಂತಾಳ.’

ಮಾರನೆಯ ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ದೇವರು ಕ್ಷಮಿಸಲಿ. ಅತ್ತೆಯ ಬೆರಳನ್ನೇ ನೋಡಿದೆ. ಬೆರಳು ಒಂದು ಸಾಲಿನಲ್ಲಿ, ಮಾತು ಇನ್ನೊಂದು ಸಾಲಿನಲ್ಲಿ. ಅಂಟಿದ ಹಾಳೆ ಅವರಿಗೂ ತೊಡಕಾಗಲಿಲ್ಲ. ಮಾವನವರು ಚರ್ಚಿನ ಹಿರಿಯರು. ಅವರು ಇರುವ ತನಕ ದಿನಕ್ಕೆರಡು ಸಲ ಓದಿದ್ದನ್ನು ಕೇಳಿ ಕೇಳಿ ಅತ್ತೆಗೆ ಇಡೀ ಪುಸ್ತಕ ಬಾಯಿಗೆ ಬಂದಿತ್ತು. ಮಾವ ಹೋದ ಮೇಲೆ ಪುಸ್ತಕವನ್ನು ಕೈಗೆ ತೆಗೆದುಕೊಂಡಿದ್ದರು. ಅದರಲ್ಲಿ ಒಂದು ಅಕ್ಷರವೂ ಅವರಿಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ ಇಷ್ಟು ವರ್ಷ ಇದ್ದು, ಗೋಡೆಗೆ ಪದವಿ ಹೊಡೆದುಕೊಂಡ ನಾನು ಅದನ್ನು ಕಂಡಿರಲಿಲ್ಲ.

ಸಿಟ್ಟು ಬಂತು ಎಂದರೆ ಕಡಿಮೆ. ಜೂನಿಗೆ ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ವರ್ಷವೆಲ್ಲ ನೀರಿಗೆ ಹೋಗಿತ್ತು. ಗಂಡನ ಮುಂದೆ ಕೂಗಾಡಿದೆ. ಅವರು, ‘ಅವ್ವಗ ಗೊತ್ತಾಗಂಗ ಏನೂ ಅನಬ್ಯಾಡ. ಹೆಂಗಸರ ಕೂಟದಾಗ ಅಕಿ ಮರ್ಯಾದಿ ಅದರಾಗ ಐತಿ’ ಅಂದರು. ಅವರಿಗೂ ಅವತ್ತೇ ಗೊತ್ತಾಗಿದ್ದು. ನಾನು ಅನ್ನಲಿಲ್ಲ. ಅನ್ನಬೇಕೆಂದು ನಾಲಿಗೆ ತುದಿಗೆ ಬಂದದ್ದು ಎಷ್ಟು ಸಲ ಎಂದು ಕೇಳಬೇಡಿ. ವರ್ಷಗಟ್ಟಲೆ ಅತ್ತೆಯಿಂದಲೇ ಹೆಬ್ಬೆಟ್ಟಿನ ಮಗಳು ಎಂಬ ಹೀಯಾಳಿಕೆಯನ್ನು ನುಂಗಿದವಳು ನಾನು.

ದಾರಿ ಒಂದೇ ಇತ್ತು. ಯಾರ ಬಾಯಿಗೂ ಬಂದಿರದ ಮಾತನ್ನೇ ಓದಿಸಬೇಕು. ಪುಸ್ತಕಗಳನ್ನೆಲ್ಲ ಮೇಲಿಟ್ಟೆ. ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಹಿಂದಿನ ದಿನ ಮನೆಯಲ್ಲಿ ನಡೆದದ್ದನ್ನು ಬರೆಯತೊಡಗಿದೆ. ‘ನಿನ್ನೆ ಬೆಕ್ಕು ಹಾಲು ಚೆಲ್ಲಿತು.’ ‘ಅಪ್ಪನ ಗಾಡಿ ಪಂಚರ್ ಆಯಿತು.’ ಆ ಸುದ್ದಿಯನ್ನು ಯಾವ ಅಜ್ಜಿಯೂ ಮೊದಲೇ ಬಾಯಿಪಾಠ ಹೇಳಿಕೊಡುವಂತಿಲ್ಲ. ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದಾಗಿ ಬರೆದೆ, ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಿದೆ. ಕೃಪಾ ಅತ್ತಳು, ಚಾಕ್‌ಪೀಸು ಮುರಿದಳು, ‘ಮಿಸ್ ಸಾಯ್ಲಿ’ ಅಂದಳು. ವಿಚಿತ್ರವೆಂದರೆ, ಅಂಗಳಕ್ಕೆ ಕರೆಯುತ್ತಿದ್ದ ಅತ್ತೆ ಈಗ ಕರೆಯಲಿಲ್ಲ. ದಿನಾ ಒಂಬತ್ತಕ್ಕೆ ಅಕ್ಕಿ ಆರಿಸುವ ಮೊರ ಹಿಡಿದು ನಮ್ಮ ಹಿಂದೆ ಬಂದು ಕೂರುತ್ತಿದ್ದರು. ನಮ್ಮ ಮನೆಯಲ್ಲಿ ತಿನ್ನುವುದು ಹೆಚ್ಚಾಗಿ ರೊಟ್ಟಿ. ಅಷ್ಟೊಂದು ಅಕ್ಕಿ ಯಾರು ತಿನ್ನುತ್ತಿದ್ದರೋ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಬರೀ ಸಿಟ್ಟಿಗೆ, ‘ನಿನ್ನೆ ಅಜ್ಜಿ ಎರಡು ಸಲ ಬೆಲ್ಲ ಕದ್ದಳು’ ಎಂದು ಬರೆದು ಸ್ನಾನಕ್ಕೆ ಹೋದೆ. ಅತ್ತೆಗೆ ಸಕ್ಕರೆ ಕಾಯಿಲೆ, ಬೆಲ್ಲದ ಡಬ್ಬಿಯ ಮೇಲೆ ನನ್ನ ಕಾವಲು. ಬಂದು ನೋಡಿದರೆ ‘ಎರಡು’ ಎಂಬುದು ಸೆರಗಿನಿಂದ ಒರೆಸಿದ ಹಾಗೆ ಅಳಿಸಿತ್ತು. ಅಲ್ಲಿ ಸೊಟ್ಟ ಸೊಟ್ಟ ಅಕ್ಷರದಲ್ಲಿ ‘ಒಂದು’ ಎಂದಿತ್ತು.

ಕೃಪಾ ಇನ್ನೂ ಹಾಸಿಗೆಯಲ್ಲಿದ್ದಳು. ನಮ್ಮವರು ಗಾಡಿ ತೊಳೆಯುತ್ತಿದ್ದರು. ಅತ್ತೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಆ ‘ಒಂದು’ ಹಾಗೇ ಇರಲಿ ಎಂದು ಬಿಟ್ಟೆ. ಒಂಬತ್ತಕ್ಕೆ ಕೃಪಾ ಆ ಸಾಲನ್ನು ಕೂಡಿಸಿ ಕೂಡಿಸಿ ಓದಿದಾಗ ಅತ್ತೆ, ‘ಹೌದು, ಒಂದ ಸಲ’ ಅಂದರು, ಅಷ್ಟೇ.

ಜೂನಿನಲ್ಲಿ ಹೆಡ್ಮಾಸ್ತರು ಕಪಾಟಿನಿಂದ ನಾನು ಕಂಡಿರದ ಒಂದು ಪುಸ್ತಕ ತೆಗೆದು ನಡುವಿನ ಪುಟ ಬಿಚ್ಚಿದರು. ಕೃಪಾ ಬೆರಳಿಟ್ಟಳು. ಎರಡನೇ ಸಾಲಿನಲ್ಲೇ ಎಡವಿದಳು. ನಿಂತಳು, ಹಿಂದಕ್ಕೆ ಹೋದಳು, ಅಕ್ಷರ ಅಕ್ಷರ ಬಿಡಿಸಿ ಮತ್ತೆ ಹೇಳಿದಳು. ಹೆಡ್ಮಾಸ್ತರು ನನ್ನ ಮುಖ ನೋಡಿದರು. ಹತ್ತು ಪುಟ ಎಂದು ಜಂಬ ಕೊಚ್ಚಿದ್ದು ಅವರಿಗೆ ನೆನಪಿತ್ತೇನೋ. ನನಗೆ ಮಾತ್ರ ಅವಳು ಎಡವಿದ ಒಂದೊಂದು ಕಡೆಯೂ ಜೀವ ಬಂದಂತಾಗುತ್ತಿತ್ತು. ಬಾಯಿಪಾಠದವರು ಎಡವುವುದಿಲ್ಲ. ಪುಟ ಮುಗಿಯಲು ಬಹಳ ಹೊತ್ತು ಹಿಡಿಯಿತು. ‘ಎರಡನೇತ್ತಾ’ ಎಂದು ಬರೆದುಕೊಂಡರು. ಗುಳಿಗೆಯ ವಿಷಯ ಹೇಳಿದೆ. ಅದನ್ನೂ ಬರೆದುಕೊಂಡರು. ಆಮೇಲೆ ಅವಳು ಶಾಲೆಯಲ್ಲಿ ಬಿದ್ದಿಲ್ಲ.

ಇವತ್ತು ಅವಳ ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಬಣ್ಣದವನಿಗೆ ಮನೆ ಬಿಟ್ಟು ಹೋಗಲಾಗದೆ ನಾನು ಹೋಗಲಿಲ್ಲ. ಅದಕ್ಕೆ ಬೆಳಿಗ್ಗೆಯೇ ಬೈಸಿಕೊಂಡೆ. ಅವನು ಪಡಸಾಲೆ ಮುಗಿಸಿ ಬ್ರಷ್ಷು ಹಿಡಿದು ಅಡುಗೆಮನೆಗೆ ಬಂದು, ‘ಏನ್ ಮಾಡ್ಲಿ ಹೇಳ್ರಿ’ ಎಂದು ಕರಿ ಚೌಕದ ಮುಂದೆ ನಿಂತ. ಮುಚ್ಚಿಬಿಡು ಎನ್ನುವುದರಲ್ಲಿದ್ದೆ. ಶಾಲೆ ಮುಗಿಯಿತಲ್ಲ, ಇನ್ನು ಯಾರಿಗೆ ಬೇಕು? ಅಷ್ಟರಲ್ಲಿ ಕೃಪಾ ಓಡಿ ಬಂದಳು. ಗಟ್ಟಿ ಓದುವ ಸ್ಪರ್ಧೆಯಲ್ಲಿ ಎರಡನೇ ಬಹುಮಾನ. ‘ಮೊದಲನೇದು ಯಾರಿಗೆ?’ ಎಂದು ಕೇಳಿದೆ. ಕೇಳಬಾರದಿತ್ತು. ಅವಳು ನನಗೆ ಕೊಡಲು ಚಾಚಿದ್ದ ಪ್ರಶಸ್ತಿ ಪತ್ರವನ್ನು ಹಿಂದಕ್ಕೆ ಎಳೆದುಕೊಂಡು ಅಜ್ಜಿಯ ಕೈಗೆ ಕೊಟ್ಟಳು.

ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಳ್ಳಲಿಲ್ಲ. ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ, ಬೆರಳು ಇಟ್ಟು ಓದಿದರು. ಎಡವಿ ಎಡವಿ, ಹಿಂದೆ ಹೋಗಿ ಮತ್ತೆ ಮುಂದೆ ಬಂದು, ಮೇಲಿನಿಂದ ಕೊನೆಯ ಸಹಿಯವರೆಗೆ, ಬಣ್ಣದವನ ಮುಂದೆಯೇ. ಅವನು ಬ್ರಷ್ಷು ತೊಟ್ಟಿಕ್ಕುತ್ತಿದ್ದರೂ ಅಲುಗಾಡದೆ ನಿಂತಿದ್ದ. ಓದಿ ಮುಗಿಸಿದ ಮೇಲೆ ಕಾಗದವನ್ನು ತಿರುವಿ ಹಿಂಭಾಗ ನೋಡಿದರು. ಮತ್ತೆ ಮುಂಭಾಗ ನೋಡಿದರು.

‘ಕೂಸಿನ ಹೆಸರೈತಿ, ಅವರಪ್ಪನ ಹೆಸರೈತಿ, ಹೆಡ್ಮಾಸ್ತರ ಸೈನೂ ಐತಿ. ಕಲಿಸಿದಾಕಿ ಹೆಸರ ಎಲ್ಲೂ ಇಲ್ಲಲ್ಲ ಇದರಾಗ’ ಅಂದರು. ಆಮೇಲೆ ಬಣ್ಣದವನ ಕಡೆ ತಿರುಗಿ, ‘ಏ ತಮ್ಮಾ, ಆ ಕರೇದನ್ನ ಮುಟ್ಟಬ್ಯಾಡ. ಕೃಪಾ, ಒಂದು ಚಾಕ್‌ಪೀಸ್ ತಾ ಇಲ್ಲಿ.’